ಇನ್ನೂರ ಹನ್ನೆರಡು ಮಾತು

ಹುಮನಾಬಾದ
24-9-2001

ಹಬೀಬ್ ಮಿಯಾ,

ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದಿರುತ್ತೀ. ಹರಿದು ಹಾಕಬೇಡ, ಪೂರ್ತಿ ಓದು. ಏಳು ವರ್ಷ ಮಾತು ಬಿಟ್ಟವನಿಗೆ ಇವತ್ತು ಏನು ಬಂತು ಅನ್ನಬೇಡ. ನಿನ್ನ ಮೈಕಿನ ಅಂಗಡಿಗೆ ಫೋನು ಮಾಡಬಹುದಿತ್ತು. ಆದರೆ ಮಾತು ಕಡಿಮೆ ಮಾಡು ಅಂತ ಡಾಕ್ಟರು ಹೇಳಿದ್ದಾರೆ. ಉಳಿದ ನಾಲ್ಕು ಮಾತನ್ನು ನಿನ್ನ ಮೇಲೆ ಖರ್ಚು ಮಾಡಲು ನಾನು ತಯಾರಿಲ್ಲ.

ಗಂಟಲಲ್ಲಿ ಗಂಟಾಗಿದೆ. ನವೆಂಬರ್ ಐದಕ್ಕೆ ಹೈದರಾಬಾದಿನಲ್ಲಿ ಆಪರೇಶನ್. ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಜೀವ ಉಳಿಯುತ್ತದಂತೆ, ಮಾತು ಉಳಿಯುವುದಿಲ್ಲ. ಇಪ್ಪತ್ತೆಂಟು ವರ್ಷ ನಿನ್ನ ಮೈಕು ಹಿಡಿದು, ನಿನ್ನ ರಿಕ್ಷಾದಲ್ಲಿ ಕೂತು, ಬಸವಕಲ್ಯಾಣದ ಓಣಿ ಓಣಿಗೆ ಸಿನಿಮಾ, ಸಂತೆ, ನಳದ ನೀರು, ಕಳೆದುಹೋದ ಎಮ್ಮೆ ಎಲ್ಲವನ್ನೂ ಕೂಗಿ ಸಾರಿ ಅಲೌನ್ಸ್ ಮಾಡಿದ ಗಂಟಲು ಇದು. ಮಷೀನು ಹಬೀಬಂದು, ಗಂಟಲು ಬಸವಣಪ್ಪಂದು ಅಂತ ಊರು ನಗುತ್ತಿತ್ತು.

ನಿನ್ನ ಕಣ್ಣೀರು ಕೇಳಲು ಬರೆದಿಲ್ಲ, ಕೆಲಸವಿದೆ. ನಾಲ್ಕು ವರ್ಷದಿಂದ ಸಂಗಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ತಿಂದುಹಾಕಿತು. ನಾನು ಮನೆಯಲ್ಲಿದ್ದೇನೆ ಅಂತ ನನ್ನ ಹೆಂಡತಿಗೆ ಗೊತ್ತಾಗುವುದು ನನ್ನ ಬಾಯಿಂದಲೇ. ನಾಳೆ ನಾನು ಬರೆದು ತೋರಿಸಿದರೆ ಆಕೆ ಓದಲಾರಳು, ಕೈಸನ್ನೆ ಮಾಡಿದರೆ ಕಾಣಲಾರಳು. ಪಾಟಿಯ ಮೇಲೆ ಬರೆದದ್ದನ್ನು ಸೊಸೆ ಓದಿ ಹೇಳಬಹುದು, ಖರೆ. ಆದರೆ ಗಂಡನ ಮಾತು ಸೊಸೆಯ ಬಾಯಿಂದ ಎಷ್ಟು ದಿನ ಬಂದೀತು?

ಸೊಸೆ ಮನೀಷಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಕಂಪೋಸ್ ಮಾಡುತ್ತಾಳೆ. ನನ್ನ ಮಾತುಗಳನ್ನು ಒಂದೊಂದಾಗಿ ಅದರಲ್ಲಿ ತುಂಬಿಟ್ಟರೆ, ಆಮೇಲೆ ಬೇಕಾದ ಮಾತನ್ನು ಒತ್ತಿ ಸಂಗಮ್ಮನಿಗೆ ಕೇಳಿಸಬಹುದು ಅಂತ ಅವಳೇ ಹೇಳಿದಳು. ಅದಕ್ಕೆ ಯಾವ ಮೈಕು ಕೊಳ್ಳಲಿ? ಕಡಿಮೆಯಲ್ಲಿ ಆಗಬೇಕು. ಆದರೆ ದನಿ ನನ್ನದೇ ಅನ್ನಿಸಬೇಕು, ಡಬ್ಬಿಯದಲ್ಲ.

ನೀನು ನನ್ನ ದನಿಯನ್ನು ಕ್ಯಾಸೆಟ್ಟಿಗೆ ತುಂಬಿ, ನನ್ನನ್ನು ಕರೆಯದೆ ರಿಕ್ಷಾ ಓಡಿಸಿದೆ ಅಂತ ನಿನ್ನ ಸಂಗ ಬಿಟ್ಟು, ಊರು ಬಿಟ್ಟು, ಇಲ್ಲಿ ಬಂದು ಸೀರೆ ಅಂಗಡಿ ಇಟ್ಟವನು ನಾನು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದೆ, ನನ್ನ ದನಿ ನನ್ನೆದುರೇ ಹಾದು ಹೋಯಿತು. ಇವತ್ತು ಅದನ್ನೇ ಮಾಡಿಕೊಡು ಅಂತ ಕೇಳುತ್ತಿದ್ದೇನೆ. ನಗು. ನಕ್ಕಾದ ಮೇಲೆ ಉತ್ತರ ಬರೆ.

ಬಸವಣಪ್ಪ


ಬಸವಕಲ್ಯಾಣ
29-9-2001

ಬಸವಣಪ್ಪ ಶೇಟ್‌ಜಿಗೆ ಹಬೀಬನ ಸಲಾಂ.

ಮೈಕಿನ ಬಗ್ಗೆ ಕೇಳಿದ್ದೀ, ಮೈಕಿನ ಬಗ್ಗೆ ಹೇಳುತ್ತೇನೆ.

ಕಂಪ್ಯೂಟರ್ ಅಂಗಡಿಯಲ್ಲಿ ತಲೆಗೆ ಸಿಕ್ಕಿಸುವ ಹೆಡ್‌ಫೋನು ಕೊಡುತ್ತಾರೆ, ಅದಕ್ಕೇ ಅಂಟಿದ ಕಡ್ಡಿಯಂಥ ಮೈಕು. ನೂರೈವತ್ತು ರೂಪಾಯಿ. ಅಗ್ಗ ಅಂತ ತಗೋಬೇಡ, ಮೂಗು ಹಿಡಿದು ಮಾತಾಡಿದಂತೆ ಬರುತ್ತದೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಅದಕ್ಕಿಂತ ವಾಸಿ. ಆದರೆ ಅದಕ್ಕೆ ಮರ್ಯಾದೆ ಇಲ್ಲ. ನಿನ್ನ ಮಾತಿನ ಜೊತೆ ಫ್ಯಾನು, ರಸ್ತೆಯ ಲಾರಿ, ಪಕ್ಕದ ಮನೆಯ ಜಗಳ ಎಲ್ಲವನ್ನೂ ತುಂಬಿಕೊಳ್ಳುತ್ತದೆ. ನಿಮ್ಮದು ಹೆದ್ದಾರಿಯ ಊರು. ನಿನಗೆ ಬೇಕಾದದ್ದು ಸ್ಟೇಜಿನ ಮೈಕು. ಬಾಯಿಗೆ ಹತ್ತಿರ ಹಿಡಿದರೆ ಹಿಡಿದವನ ದನಿ ಮಾತ್ರ ತಗೊಳ್ಳುತ್ತದೆ.

ಅದನ್ನು ನೇರ ಕಂಪ್ಯೂಟರಿಗೆ ಚುಚ್ಚಿದರೆ ಇರುವೆ ಮಾತಾಡಿದಷ್ಟು ಸಣ್ಣಗೆ ಕೇಳುತ್ತದೆ. ನಡುವೆ ದನಿ ಏರಿಸಲು ಒಂದು ಚಿಕ್ಕ ಮಿಕ್ಸರ್ ಬೇಕು. ಮಿಕ್ಸರಿನಿಂದ ಬಂದ ತಂತಿಯನ್ನು ಕಂಪ್ಯೂಟರಿನ ಗುಲಾಬಿ ಬಣ್ಣದ ತೂತಿಗೆ ಹಾಕಬೇಡ, ನೀಲಿ ತೂತಿಗೆ ಹಾಕು. ಹೊಸ ಸೌಂಡ್ ಕಾರ್ಡ್ ಹಾಕಿಸಿರಿ ಅಂತ ಯಾವನಾದರೂ ಹೇಳಿದರೆ ಚಹಾ ಕುಡಿಸಿ ಕಳಿಸು. ಮಾತಿಗೆ ಇದ್ದದ್ದೇ ಸಾಕು. ಏನೂ ಕೊಳ್ಳುವ ಗಡಬಡಿ ಮಾಡಬೇಡ, ನನ್ನ ಅಂಗಡಿಯಲ್ಲಿ ಹುಡುಕುತ್ತೇನೆ.

ಮೈಕಿನ ಮಾತು ಮುಗಿಯಿತು.

ನಿನ್ನ ಕಾಗದವನ್ನು ಗಲ್ಲೆಯ ಹತ್ತಿರ ನಿಂತೇ ಓದಿದೆ. ಇಬ್ಬರು ಗಿರಾಕಿ ಇದ್ದರು. "ಅಂಗಡಿ ಬಂದ್ ಅದ್ರಿ, ನಾಳೆ ಬರ್ರಿ" ಅಂದು ಶಟರ್ ಎಳೆದೆ. ಮಧ್ಯಾಹ್ನ ಹನ್ನೆರಡು ಗಂಟೆ. ಒಳಗೆ ಕೂತು ಅತ್ತೆ, ಬಸವಾ. ನಗಲಿಲ್ಲ. ಆ ಕ್ಯಾಸೆಟ್ ಇದ್ದಿದ್ದರೆ ಅದನ್ನಾದರೂ ಕೊಡುತ್ತಿದ್ದೆ. ನೀನು ಹೋದ ಸಿಟ್ಟಿಗೆ ಅದರ ಮೇಲೆ ಬೇರೆ ಯಾರದೋ ದನಿ ತುಂಬಿದೆ. ಸಂಗಮ್ಮ ವೈನಿಯ ಕಣ್ಣು ಹೋದದ್ದನ್ನು ನನಗೆ ಯಾಕೆ ತಿಳಿಸಲಿಲ್ಲ? ಜಗಳ ನಮ್ಮಿಬ್ಬರದು, ಆಕೆಯದಲ್ಲ.

ಹಬೀಬ್


ಹುಮನಾಬಾದ
8-10-2001

ಹಬೀಬಾ,

ನಿನ್ನ ಕಾಗದ ಮುಟ್ಟುವ ಮೊದಲೇ ಹೆಡ್‌ಫೋನು ತಂದುಬಿಟ್ಟಿದ್ದೆ. ಬೈಯಬೇಡ, ದಿನ ಓಡುತ್ತಿವೆ.

ಎರಡು ಮಾತು ತುಂಬಿ ಸಂಗಮ್ಮನಿಗೆ ಕೇಳಿಸಿದೆ. ಆಕೆ ಕಿವಿಯಾನಿಸಿ ಕೇಳಿ, "ಯಾರ್ರಿ ಇವರು?" ಅಂದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳು ಕೇಳಿದ ಪ್ರಶ್ನೆ ಇದು. ದನಿಯ ಹಿಂದೆ ಗುಂಯ್ ಅಂತ ಸಪ್ಪಳ ಬೇರೆ. ಮಗ ಸಂಜೀವಕುಮಾರ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ. "ಅಪ್ಪಾ, ಇದು ನಮ್ಮ ಕಾರ್ಖಾನಿ ಸಪ್ಪಳ ಇದ್ದಂಗ ಅದ. ಕಿವ್ಯಾಗ ಅದನ್ನ ಇಟಗೊಂಡು ಮನಿಗೆ ಬಂದ್ರ ಇಲ್ಲೂ ಅದಾ?" ಅಂತ ನಕ್ಕ. ನಾನು ರೇಗಿದೆ. ರೇಗಿದ್ದಕ್ಕೆ ದನಿ ಒಡೆದು ಮಧ್ಯಾಹ್ನದವರೆಗೆ ಮಾತು ಹೊರಡಲಿಲ್ಲ.

ಅದೇ ಹೆದರಿಕೆ ಈಗ. ಮುಂಜಾನೆ ಎದ್ದಾಗ ದನಿ ನನ್ನದು ಅನ್ನಿಸುತ್ತದೆ. ಹನ್ನೊಂದರ ಹೊತ್ತಿಗೆ ಗೊಗ್ಗರಾಗುತ್ತದೆ. ಆಪರೇಶನ್ನಿಗೆ ಇಪ್ಪತ್ತೆಂಟು ದಿನ ಉಳಿದಿವೆ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಉಳಿದಿರುವುದು ಇಪ್ಪತ್ತೆಂಟು ಮುಂಜಾನೆ ಮಾತ್ರ.

ಬಸವಣಪ್ಪ


ಬಸವಕಲ್ಯಾಣ
12-10-2001

ಬಸವಾ,

ಗಂಟಲಿಗಿಂತ ಮೊದಲು ನಿನ್ನ ಗಡಬಡಿಯನ್ನು ಕೊಯ್ದು ತೆಗೆಯಬೇಕಿತ್ತು.

ಈ ಕಾಗದದ ಜೊತೆಗೇ ಬಸ್ ಕಂಡಕ್ಟರ್ ಲಾಲ್ ಅಹ್ಮದನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಮಿಕ್ಸರ್, ತಂತಿ, ಮೈಕು ಇವೆ. ಮೈಕು ಯಾವುದು ಅಂತ ನೋಡಿದರೆ ತಿಳಿಯುತ್ತದೆ. ಜಾಲರಿಯ ಒಂದು ಮಗ್ಗಲು ಚಪ್ಪಟೆಯಾಗಿದೆ, ನೀನೇ ಕೆಡವಿದ್ದು. ನೀನು ಹೋದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟಿಲ್ಲ. ಯಾಕೆ ಅಂತ ಕೇಳಬೇಡ.

ಗುಂಯ್ ಅನ್ನುವುದು ಮೈಕಿನ ತಪ್ಪಲ್ಲ, ನಿಮ್ಮ ಮನೆಗೆ ಅರ್ಥಿಂಗ್ ಸರಿ ಇಲ್ಲ. ವೈರ್‌ಮನ್ ಕರೆಸಿ ಹಿತ್ತಲಲ್ಲಿ ಗುಂಡಿ ತೋಡಿಸು, ಇದ್ದಲು ಉಪ್ಪು ಹಾಕಿಸಿ ನೀರು ಹೊಯ್ಯಿಸು. ಕಂಪ್ಯೂಟರಿನ ಡಬ್ಬಿಯನ್ನು ತಂತಿ ಮುಟ್ಟುವಷ್ಟು ದೂರ ಸರಿಸು, ಅದರ ಫ್ಯಾನಿಗೂ ಬಾಯಿದೆ. ಬರಿ ಗೋಡೆ ಮಾತನ್ನು ವಾಪಸ್ ಎಸೆಯುತ್ತದೆ. ಮನೆಯಲ್ಲಿರುವ ಹೊದೆಯುವ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕು. ಪ, ಬ ಅನ್ನುವಾಗ ಉಸಿರು ಮೈಕಿಗೆ ಬಡಿದು ಧಪ್ ಅನ್ನುತ್ತದೆ. ಹಳೇ ಸಾಣಿಗೆಯ ಬಳೆಗೆ ತೆಳ್ಳನೆ ಬಟ್ಟೆ ಬಿಗಿದು ನಡುವೆ ಹಿಡಿ. ಮೈಕಿಗೂ ತುಟಿಗೂ ನಾಲ್ಕು ಬೆರಳು ಅಂತರ. ದೊಡ್ಡ ಊರಿನಲ್ಲಿ ಇದಕ್ಕೆಲ್ಲ ಸ್ಟುಡಿಯೋ ಅಂತ ಹೆಸರಿಟ್ಟು ತಾಸಿಗಿಷ್ಟು ತಗೊಳ್ಳುತ್ತಾರೆ.

ಮೊದಲು ಯಾವ ಯಾವ ಮಾತು ಬೇಕು ಅಂತ ಪಟ್ಟಿ ಮಾಡು. ನೆನಪಾದಂತೆ ತುಂಬುತ್ತ ಹೋದರೆ ಬೇಕಾದದ್ದೇ ಬಿಟ್ಟುಹೋಗುತ್ತದೆ.

ಹಬೀಬ್


ಹುಮನಾಬಾದ
20-10-2001

ಹಬೀಬಾ,

ಪೆಟ್ಟಿಗೆ ಮುಟ್ಟಿತು. ಮೈಕು ಕೈಗೆ ಬಂದ ಕೂಡಲೇ ಹೆಬ್ಬೆರಳು ತಾನಾಗಿ ಆ ಚಪ್ಪಟೆ ಜಾಗಕ್ಕೆ ಹೋಯಿತು. ಗುಂಯ್ ನಿಂತಿದೆ. ಮನೆ ತುಂಬ ಕೌದಿ ತೂಗಿ, ಬಂದವರೆಲ್ಲ "ಏನ್ರಿ ಶೇಟ್ರ, ಸೀರಿ ಬಿಟ್ಟು ಕೌದಿ ವ್ಯಾಪಾರ ಸುರು ಮಾಡೀರೇನು?" ಅಂತ ಕೇಳುತ್ತಿದ್ದಾರೆ.

ಪಟ್ಟಿಯೂ ಆಯಿತು. ನಾಲ್ಕು ದಿನ ನನ್ನ ಬಾಯಿಗೆ ನಾನೇ ಕಾವಲು ಕೂತು, ದಿನಾ ಮನೆಯಲ್ಲಿ ಏನೇನು ಮಾತಾಡುತ್ತೇನೆ ಅಂತ ಬರೆದುಕೊಂಡೆ. ಸಾವಿರಗಟ್ಟಲೆ ಆದೀತು ಅಂದುಕೊಂಡಿದ್ದೆ. ಇನ್ನೂರ ಹನ್ನೆರಡು. ಒಂದು ಊರನ್ನು ಮಾತಿನಲ್ಲಿ ಕಟ್ಟಿ ಹಾಕಿದವನು ಹೆಂಡತಿಯ ಜೊತೆ ಆಡುವುದು ಇಷ್ಟೇ. ನಾಚಿಕೆ ಆಯಿತು. ಸಂಗಮ್ಮನಿಗೆ ಓದಿ ಹೇಳಿದರೆ, "ಬೈಯೋದೂ ಸೇರಿಸ್ರಿ. ಬೈಲಿಲ್ಲಂದ್ರ ನೀವ ಅಂತ ನಾ ಹ್ಯಾಂಗ ನಂಬಲಿ?" ಅಂದಳು. ಅವೂ ಇನ್ನೂರ ಹನ್ನೆರಡರೊಳಗೇ ಇವೆ ಅಂತ ನಾನು ಹೇಳಲಿಲ್ಲ.

ತೊಂದರೆ ಬೇರೆ ಬಂದಿದೆ. ಮೈಕು ಹಿಡಿದರೆ ಸಾಕು, ದನಿ ರಿಕ್ಷಾ ಹತ್ತುತ್ತದೆ. "ನೀರು ಕೊಡು" ಅನ್ನುವುದು "ನಾಗರಿಕ ಬಂಧುಗಳಲ್ಲಿ ವಿನಂತಿ" ಅನ್ನುವ ಹಾಗೆ ಹೊರಡುತ್ತದೆ. "ಮನ್ಯಾಗ ನೀರ ಕೇಳಾಕ ಊರಿಗೆಲ್ಲಾ ಯಾಕ ಸಾರತೀರಿ?" ಅಂತ ಸಂಗಮ್ಮ ನಗುತ್ತಾಳೆ. ಆಮೇಲೆ ಆಚೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಾಳೆ, ನನಗೆ ಕಾಣುವುದಿಲ್ಲ ಅಂದುಕೊಂಡು.

ನಿನಗೆ ಬರಲು ಆಗುತ್ತದೇನು? ಕರೆಯಲು ನನಗೆ ಮುಖವಿಲ್ಲ. ಆದರೂ ಕರೆಯುತ್ತಿದ್ದೇನೆ.

ಬಸವಣಪ್ಪ


ಹುಮನಾಬಾದ
11-11-2001

ಬಸವಾ,

ನಿನ್ನ ಮನೆಯಲ್ಲಿ, ನಿನ್ನ ಖುರ್ಚಿಯಲ್ಲಿ ಕೂತು ನಿನ್ನ ದವಾಖಾನೆಗೆ ಬರೆಯುತ್ತಿದ್ದೇನೆ. ಆಪರೇಶನ್ ಆಯಿತು, ಗಂಡಾಂತರ ಕಳೆಯಿತು ಅಂತ ಸಂಜೀವಕುಮಾರ ಫೋನು ಮಾಡಿದ. ವೈನಿ ಹತ್ತು ನಿಮಿಷ ಫೋನನ್ನು ಎದೆಗೆ ಹಿಡಿದುಕೊಂಡೇ ಕೂತಿದ್ದಳು.

ಇಲ್ಲಿ ನಿನ್ನ ಕೆಲಸ ಮುಗಿದಿದೆ. ನೀನು ಮೈಕಿನ ಮುಂದೆ ಅಲೌನ್ಸ್ ಮಾಡುವುದು ಬಿಡಬೇಕು ಅಂತ ವೈನಿಯನ್ನು ಎದುರಿಗೆ ಕೂರಿಸಿದೆನಲ್ಲ, ಅದೇ ಸರಿಯಾಯಿತು. ಆಕೆ ತನ್ನ ಪಾಡಿಗೆ ಮಾತಾಡುತ್ತ ಹೋದಳು, ನೀನು ನಡುನಡುವೆ ಪಟ್ಟಿಯ ಮಾತು ಆಡುತ್ತ ಬಂದೆ. ಐದು ಮುಂಜಾನೆಯಲ್ಲಿ ಆರು ತಾಸು ತುಂಬಿತ್ತು. ಅದರಿಂದ ನಾನೂ ಮನೀಷಾಳೂ ನಿನ್ನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದೆವು. ಅವಳ ಕೈ, ನನ್ನ ಕಿವಿ. ನಿನ್ನ ಕೆಮ್ಮು, ಉಸಿರು, ವೈನಿಯ ಮಾತು, ಆಕೆಯ ಮಾತಿನ ಮೇಲೆ ಬಿದ್ದಿದ್ದ ನಿನ್ನ ಹೂಂ, ಹಾಂ, ಎಲ್ಲ ಕಸ ಕಿತ್ತು ಹಾಕಿದೆ. ಈಗ ಇನ್ನೂರ ಹನ್ನೆರಡು ಮಾತು ಅಕ್ಕಿಯಂತೆ ಆರಿಸಿಟ್ಟಿವೆ. ಮೂವತ್ತೈದು ವರ್ಷದ ಧಂಧೆಯಲ್ಲಿ ನಾನು ಇಷ್ಟು ಸಾಫ್ ದನಿ ತೆಗೆದಿಲ್ಲ. ಮನೀಷಾ ಎಲ್ಲಕ್ಕೂ ನಂಬರು ಕೊಟ್ಟು, ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾಳೆ. ಮೊದಲಿನ ಆರು ತಾಸಿನದು ಡಿಸ್ಕಿನ ತುಂಬ ಕೂತಿತ್ತು. ದೀಪಾವಳಿ ಆದ ಕೂಡಲೇ ಲಗ್ನಪತ್ರಿಕೆಯ ಸುಗ್ಗಿ, ಅವಳಿಗೆ ಜಾಗ ಬೇಕು. ಅದಕ್ಕೆ ಅದನ್ನು ಅಳಿಸು ಅಂದೆ.

ಹೈದರಾಬಾದ ಬಸ್ಸು ಹತ್ತುವಾಗ ನೀನು ನನಗೇನೋ ಹೇಳಲು ಬಾಯಿ ತೆರೆದೆ, ಆಮೇಲೆ ಕೈಯೆತ್ತಿ ಸುಮ್ಮನಾದೆ. ನನ್ನ ಮೇಲೆ ಮಾತು ಖರ್ಚು ಮಾಡುವುದಿಲ್ಲ ಅಂದದ್ದನ್ನು ಸಾಧಿಸಿಯೇ ಬಿಟ್ಟೆ ಮಗನೇ.

ಹಬೀಬ್


ಹುಮನಾಬಾದ
18-12-2001

ಹಬೀಬಾ,

ಈದ್ ಮುಬಾರಕ್. ಬಾಯಿಂದ ಆಗುವುದಿಲ್ಲ, ಬರೆದದ್ದನ್ನೇ ಒಪ್ಪಿಕೋ. ನೀನು ಕಳಿಸಿದ ಶೀರಖುರ್ಮಾ ಸಣ್ಣ ಸಣ್ಣ ಗುಟುಕಾಗಿ ಇಳಿಯಿತು. ವಾಸನೆ ಮಾತ್ರ ತಿಳಿಯಲಿಲ್ಲ. ಉಸಿರಾಡುವುದು ಈಗ ಕೊರಳಿನ ತೂತಿನಿಂದ, ಮೂಗು ಶೋಭೆಗೆ ಉಳಿದಿದೆ. ಬಸ್ಸಿನ ಬಾಗಿಲಲ್ಲಿ ನಿನಗೆ ಹೇಳಬೇಕು ಅಂದುಕೊಂಡದ್ದು ಇಷ್ಟೇ: ಅವತ್ತು ತಪ್ಪು ನನ್ನದೂ ಇತ್ತು. ದನಿ ಒಡೆಯಿತು, ಬಿಟ್ಟುಬಿಟ್ಟೆ.

ದವಾಖಾನೆಯಿಂದ ಮರಳಿದ ಮೊದಲ ದಿನ ಇಲ್ಲಿ ಹಬ್ಬ. ಒಂದನೇ ನಂಬರು ಒತ್ತಿದೆ: "ಸಂಗಮ್ಮಾ, ನಾ ಬಂದೇನಿ." ಆಕೆ ಎದ್ದು ಬಂದು, ಕಂಪ್ಯೂಟರಿನ ಮುಂದೆ ನಿಂತು ಗಾಳಿಯಲ್ಲಿ ಕೈಯಾಡಿಸಿದಳು. ಮುಖ ಹುಡುಕುತ್ತಿದ್ದಳು. ನಾನು ಹಿಂದಿನಿಂದ ಹೋಗಿ ಕೈ ಹಿಡಿದೆ. ಬೆಚ್ಚಿದಳು. "ನೀವು ಅಲ್ಲಿ ಮೇಜಿನ ಮ್ಯಾಲ ಕುಂತು ಮಾತಾಡಾಕತ್ತೀರಿ. ಮತ್ತ ಇಲ್ಲಿ ನನ್ನ ಕೈ ಹಿಡದಾಂವ ಯಾರು?" ಅಂದಳು. ಸ್ಪೀಕರಿಗೆ ಉದ್ದ ತಂತಿ ಹಾಕಿಸಿ ಈಗ ಅದನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ. ಮಾತು, ಮನುಷ್ಯ ಒಂದೇ ಕಡೆ ಆದವು.

ಆದರೆ ಹಬೀಬಾ, ಸಂಗಮ್ಮ ಮಾತಾಡುವವಳು. ನಾನು ಅವಳ ಮಾತಿಗೆ ಹೂಂ ಅನ್ನುವವನು. ಹಾಗೇ ನಮ್ಮ ಸಂಸಾರ ನಡೆದದ್ದು. ಆಕೆ ಎರಡು ಮಾತಿಗೊಮ್ಮೆ ನಿಲ್ಲುತ್ತಾಳೆ, ಒಂದು ಹೂಂ ಬೀಳಬೇಕು, ಬಿದ್ದರೆ ಮುಂದಿನ ಮಾತು. ಈಗ ನಿಂತವಳು ನಿಂತೇ ಇರುತ್ತಾಳೆ. "ಕೇಳಾಕತ್ತೀರೇನ್ರಿ?" ಅನ್ನುತ್ತಾಳೆ. ನಾನು ನಲವತ್ತೊಂದನೇ ನಂಬರು ಹುಡುಕಿ "ಕೇಳಾಕತ್ತೇನಿ" ಒತ್ತುವ ಹೊತ್ತಿಗೆ ಆಕೆಯ ಮಾತು ಆರಿಹೋಗಿರುತ್ತದೆ. "ಅಷ್ಟುದ್ದ ಬ್ಯಾಡ್ರಿ, ಹೂಂ ಅನ್ರಿ ಸಾಕು" ಅಂದಳು ಮೊನ್ನೆ.

ಇನ್ನೂರ ಹನ್ನೆರಡರಲ್ಲಿ ಒಂದು ಹೂಂ ಇಲ್ಲ. ಪಟ್ಟಿಗೆ ಬರೆಯುವಾಗ ಅದು ಮಾತು ಅಂತ ನನಗೇ ಅನ್ನಿಸಿರಲಿಲ್ಲ. ಆರು ತಾಸಿನಲ್ಲಿ ಎಷ್ಟು ಇದ್ದವೋ, ಎಲ್ಲವನ್ನೂ ನೀನು ಕಸ ಅಂತ ಗುಡಿಸಿದೆ. ಸಿಟ್ಟಿನಿಂದ ಬರೆಯುತ್ತಿಲ್ಲ. ಇಲ್ಲ, ಸಿಟ್ಟಿದೆ. ಒಂದೇ ಒಂದು ಹೂಂ ಎಲ್ಲಿಯಾದರೂ ಉಳಿದಿದ್ದರೆ ಹುಡುಕಿ ಕೊಡು.

ಬಸವಣಪ್ಪ


ಬಸವಕಲ್ಯಾಣ
30-12-2001

ಬಸವಾ,

ನೀನು ಮಲಗಿದ್ದಾಗ ಬಂದು ಮನೀಷಾಳಿಂದ ಕಂಪ್ಯೂಟರಿನ ಡಿಸ್ಕು ಬಿಚ್ಚಿಸಿಕೊಂಡು ಹೋದೆ. ನಿನ್ನ ಮುಂದೆ ನಿಲ್ಲುವ ಧೈರ್ಯ ಆಗಲಿಲ್ಲ.

ಗುಲಬರ್ಗಾದಲ್ಲಿ ಕಂಪ್ಯೂಟರ್ ರಿಪೇರಿಯ ಅಜೀಮುದ್ದೀನ್ ಇದ್ದಾನೆ. ಮೂರು ದಿನ ಅವನ ಅಂಗಡಿಯಲ್ಲೇ ಕೂತೆ. ಕೊನೆಗೆ ಅವನು, "ಚಾಚಾ, ಅಳಿಸಿದ ಜಾಗಾದಾಗ ಲಗ್ನಪತ್ರಿಕಿ ಬಂದು ಕುಂತುಬಿಟ್ಟಾವ. ಕೆಳಗಿಂದು ಇನ್ನ ಸಿಗಂಗಿಲ್ಲ" ಅಂದ. ಯಾರ ಯಾರದೋ ಮದುವೆಯ ಕೆಳಗೆ ನಿನ್ನ ಹೂಂ ಹೋಯಿತು. ಸ್ಟೇಜಿನ ಮೇಲೆ ಯಾರಾದರೂ ಮೈಕಿನಲ್ಲಿ ಹೂಂ, ಹಾಂ ಅಂದರೆ ನನಗೆ ಮೈ ಉರಿಯುತ್ತಿತ್ತು, ನಿನಗೆ ಗೊತ್ತು. ಅದೇ ಕಿವಿಯಿಂದ ನಿನ್ನ ಮನೆಯ ಮಾತು ಆರಿಸಲು ಕೂತೆ. ನನ್ನನ್ನು ಮಾಫ್ ಮಾಡು ಅಂತ ಕೇಳಲಿಕ್ಕೂ ಹೆದರಿಕೆ.

ಬರಿಗೈಲಿ ಬರಬಾರದು ಅಂತ ಒಂದು ಕೆಲಸ ಮಾಡಿದೆ. ಅರವತ್ತಮೂರನೇ ಮಾತು ಏನು ನೋಡು: "ಹೂವು ತಂದೇನಿ." ಅದರ ಮೊದಲ ಅಕ್ಷರವನ್ನಷ್ಟೇ ಕತ್ತರಿಸಿ, ತುದಿಯನ್ನು ಸ್ವಲ್ಪ ಇಳಿಸಿ, ಹೂಂ ಅನ್ನುವ ಹಾಗೆ ಮಾಡಿ ಡಿಸ್ಕಿಗೆ ಹಾಕಿಸಿದ್ದೇನೆ. ಲಾಲ್ ಅಹ್ಮದ್ ತಂದುಕೊಡುತ್ತಾನೆ. ದನಿಯಂತೂ ನಿನ್ನದೇ. ಒತ್ತಿ ನೋಡು, ವೈನಿ ಏನಂದಳು ಬರೆ.

ಹಬೀಬ್


ಹುಮನಾಬಾದ
15-1-2002

ಹಬೀಬಾ,

ಎಳ್ಳು ಬೆಲ್ಲ ಕಳಿಸಿದ್ದೇನೆ, ತಗೊಂಡು ಒಳ್ಳೆಯ ಮಾತಾಡು. ನಿನ್ನ ಮೇಲೆ ಸಿಟ್ಟು ಇಳಿದಿದೆ.

ನಿನ್ನ ಹೂಂ ಒತ್ತಿದೆ. ಸಂಗಮ್ಮ ಕೇಳಿ, "ಇದು ಹೂವಿನ ಹೂ. ನಿಮ್ಮ ಹೂಂ ಅಲ್ರಿ" ಅಂದಳು. ನಾವಿಬ್ಬರೂ ಎಷ್ಟು ಕಿವಿ ಇಟ್ಟುಕೊಂಡಿದ್ದರೇನು? ಆಕೆ ಒಂದೇ ಅಕ್ಷರದಲ್ಲಿ ಹಿಡಿದಳು.

ಬೇರೆಯದೂ ಮಾಡಿ ನೋಡಿದ್ದಾಯಿತು. ಚಪ್ಪಾಳೆ ತಟ್ಟಿದರೆ "ನಾಯಿ ಓಡಿಸಾಕತ್ತೀರೇನು?" ಅನ್ನುತ್ತಾಳೆ. ಖುರ್ಚಿ ಬಡಿದರೆ ಬಾಗಿಲಿಗೆ ಯಾರೋ ಬಂದರು ಅಂತ ಏಳುತ್ತಾಳೆ. ಕೊರಳಿಗೆ ಹಿಡಿದು ಮಾತಾಡುವ ಯಂತ್ರ ದವಾಖಾನೆಯಲ್ಲಿ ತೋರಿಸಿದ್ದರು. ಅದರ ಗರ್ ಗರ್ ಕೇಳಿ ಆಕೆ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದಳು. ಕೈ ಒತ್ತಿದರೆ ಒಪ್ಪುತ್ತಾಳೆ, ಆದರೆ ಇಡೀ ದಿನ ಕೈ ಹಿಡಿದು ಕೂರುವುದು ಯಾರಿಂದಾದೀತು?

ಕಳೆದ ವಾರದಿಂದ ಆಕೆಯೇ ದಾರಿ ಹುಡುಕಿಕೊಂಡಿದ್ದಾಳೆ. ದುಬಲಗುಂಡಿಯ ತಂಗಿ ಮಾಣಿಕಮ್ಮನ ಸುದ್ದಿ ಹೇಳುತ್ತಿದ್ದಳು. ಎರಡು ಮಾತಾಡಿದಳು, ನಿಂತಳು. ಆಮೇಲೆ ಗಂಟಲು ದಪ್ಪ ಮಾಡಿಕೊಂಡು, ನನ್ನ ಥರವೇ, "ಹೂಂ" ಅಂದಳು. ಮತ್ತೆ ತನ್ನ ದನಿಯಲ್ಲಿ ಮುಂದಿನ ಮಾತು ಎತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ಈಗ ಮಾತೂ ಆಕೆಯದು, ಹೂಂ ಕೂಡ ಆಕೆಯದು. ಮನೀಷಾ ಕೇಳಲಾರದೆ ಒಳಗೆ ಎದ್ದು ಹೋಗುತ್ತಾಳೆ. ನನಗೆ ಹೋಗಲು ಜಾಗವಿಲ್ಲ.

ಬಸವಣಪ್ಪ


ಬಸವಕಲ್ಯಾಣ
26-2-2002

ಬಸವಾ,

ಒಂದೂವರೆ ತಿಂಗಳಿಂದ ನಿನ್ನದು ಒಂದು ಅಕ್ಷರವಿಲ್ಲ. ಎರಡು ಕಾಗದ ಹಾಕಿದೆ, ಉತ್ತರ ಇಲ್ಲ. ಲಾಲ್ ಅಹ್ಮದನನ್ನು ಕೇಳಿದರೆ, "ಶೇಟ್ರು ಅಂಗಡ್ಯಾಗ ಕುಂತಿರತಾರ, ಕೈ ಎತ್ತತಾರ, ಆರಾಮ ಅದಾರ" ಅನ್ನುತ್ತಾನೆ. ನಿನ್ನ ಆರಾಮ ನನಗೆ ಗೊತ್ತಿಲ್ಲವೇ? ಏನಾಗಿದೆ ಬರೆ. ಬರೆಯದಿದ್ದರೆ ಮುಂದಿನ ವಾರ ನಾನೇ ಬಂದು ನಿನ್ನ ಮನೆಯ ಕಟ್ಟೆಯ ಮೇಲೆ ಕೂರುತ್ತೇನೆ. ಏಳು ವರ್ಷದ ಹಾಗೆ ಮತ್ತೆ ಸುಮ್ಮನಿರಲು ನನಗೀಗ ವಯಸ್ಸಿಲ್ಲ.

ಹಬೀಬ್


ಹುಮನಾಬಾದ
4-3-2002

ಹಬೀಬಾ,

ಬರೆಯಬಾರದು ಅಂತಿದ್ದೆ. ನೀನು ಬಿಡುವವನಲ್ಲ.

ನಮ್ಮ ಮೊದಲನೇ ಕೂಸಿನ ಸಂಗತಿ ನಿನಗೆ ಗೊತ್ತು. ರಾಜೇಶ್ವರದಲ್ಲಿ ಸಂಗಮ್ಮನ ತವರಿನಲ್ಲಿ ಹುಟ್ಟಿತು, ಹನ್ನೊಂದು ದಿನ ಇತ್ತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿದ್ದರು. ಹುಟ್ಟಿದ ಸುದ್ದಿ ಬಂದಾಗಲೇ ಯಾಕೆ ಹೋಗಲಿಲ್ಲ ಅಂತಲೂ ನಿನಗೆ ಗೊತ್ತು. ಹೊಸ ಟಾಕೀಸಿನ ಅಲೌನ್ಸಿನಲ್ಲಿ ನಾವಿಬ್ಬರೂ ಮೈಮರೆತಿದ್ದೆವು. ಆ ಕೂಸು ಹೇಗಿತ್ತು, ಯಾರ ಹಾಗಿತ್ತು, ಹೇಗೆ ಹೋಯಿತು, ಮೂವತ್ತಮೂರು ವರ್ಷದಲ್ಲಿ ಸಂಗಮ್ಮ ಒಂದು ಸಲವೂ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಕೇಳುವ ಮುಖ ಇರಲಿಲ್ಲ.

ಜನವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮನೀಷಾ ಪೇಟೆಗೆ ಹೋಗಿದ್ದಳು. ಸಂಗಮ್ಮ ಗೋಡೆಗೆ ಒರಗಿ ಕೂತಿದ್ದಳು, ನಾನು ಪಕ್ಕದ ಖುರ್ಚಿಯಲ್ಲಿ. ಜೋಂಪು ಹತ್ತಿದೆ ಅಂದುಕೊಂಡು, ಉಸಿರಾಡಲು ಕೊರಳಿನ ತೂತಿಗೆ ಹಾಕಿದ ನಳಿಗೆಯನ್ನು ತೊಳೆಯಲು ಹಿತ್ತಲಿಗೆ ಎದ್ದು ಹೋದೆ. ಅದನ್ನು ತೆಗೆದು, ಕುದಿಸಿದ ನೀರಲ್ಲಿ ತೊಳೆದು, ಮತ್ತೆ ಕೂರಿಸಲು ಅರ್ಧ ತಾಸು ಬೇಕು.

ವಾಪಸ್ ಬಂದು ಹೊಸ್ತಿಲಲ್ಲಿ ಕಾಲಿಟ್ಟಾಗ "ಹೂಂ" ಅಂತ ಕೇಳಿತು, ಆಕೆ ನನ್ನ ಥರ ಮಾಡುವ ಹೂಂ. ಆಮೇಲೆ ಆಕೆಯ ದನಿ: "ಅಷ್ಟರಾಗ ಕೂಸು ನನ್ನ ಕೈ ಬಟ್ಟು ಬಿಟ್ಟುಬಿಡ್ತುರಿ. ಮತ್ತ ಹಿಡೀಲೇ ಇಲ್ಲ. ಹೂಂ." ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಖುರ್ಚಿಯ ಕಡೆ ತಿರುಗಿ, "ಎಲ್ಲಾ ಹೇಳಿದೆ ನೋಡ್ರಿ ಇವತ್ತ. ಎದಿ ಹಗುರಾತು" ಅಂದಳು. ಖುರ್ಚಿ ಖಾಲಿ ಇತ್ತು, ಹಬೀಬಾ. ಮೂವತ್ತಮೂರು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಖಾಲಿ ಖುರ್ಚಿಗೆ ಹೇಳಿದ್ದಳು. ತನ್ನ ಹೂಂ ತಾನೇ ಅಂದುಕೊಳ್ಳುತ್ತಿದ್ದವಳಿಗೆ ನಾನು ಎದ್ದು ಹೋದದ್ದು ತಿಳಿಯಲೇ ಇಲ್ಲ.

ಸದ್ದಾಗದಂತೆ ಬಂದು ಖುರ್ಚಿಯಲ್ಲಿ ಕೂತು ಕೈ ಒತ್ತಿದೆ. ಆಕೆ ನನ್ನ ಕೈಯನ್ನು ಕೆನ್ನೆಗೆ ಇಟ್ಟುಕೊಂಡು ಅತ್ತಳು. ನಾನೂ ಅತ್ತೆ. ಯಾವುದಕ್ಕೆ ಅಳುತ್ತಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ.

ಮತ್ತೆ ಹೇಳಿಸಲು ಪಾಟಿಯ ಮೇಲೆ ಬರೆದು ಮನೀಷಾಳ ಬಾಯಿಂದ ಕೇಳಿಸಬಹುದು. ಆದರೆ ಅತ್ತೆ ಮಾವನ ನಡುವಿನ ಆ ಮಾತಿಗೆ ಸೊಸೆಯನ್ನು ಕೂರಿಸಿದರೆ ಸಂಗಮ್ಮ ಬಾಯಿ ತೆರೆಯುವುದಿಲ್ಲ. ನಾನು ಇರಲಿಲ್ಲ ಅಂತ ತಿಳಿಸುವುದಂತೂ ನನ್ನಿಂದಾಗದು. ಒಮ್ಮೆ ರಾಜೇಶ್ವರದಲ್ಲಿ ಇರಲಿಲ್ಲ, ಸಾಕು. ನನ್ನ ದನಿಯಲ್ಲಿ "ಇನ್ನೊಮ್ಮೆ ಹೇಳು" ಅಂತ ಒಂದು ಮಾತು ಕೇಳಿಸಿದ್ದರೆ ಆಕೆ ಹೇಳುತ್ತಿದ್ದಳು. ಮತ್ತೊಮ್ಮೆ ಕೇಳುವ ಆಸೆ ಅಂದುಕೊಂಡು, ಮೊದಲಿನಿಂದ ಹೇಳುತ್ತಿದ್ದಳು.

ಸಂಜೆ ಕರೆಂಟು ಬಂತು. ಗೋಡೆಯ ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಒಂದರಿಂದ ಇನ್ನೂರ ಹನ್ನೆರಡರವರೆಗೆ ಓದಿದೆ. "ಸಾಕು" ಇದೆ. "ಸುಮ್ಮನಿರು" ಇದೆ. "ಆಮ್ಯಾಲ ಹೇಳು, ಈಗ ಕೆಲಸ ಅದ" ಅನ್ನುವುದೂ ಇದೆ. "ಇನ್ನೊಮ್ಮೆ ಹೇಳು" ಇಲ್ಲ. ಅದನ್ನು ನೀನು ಅಳಿಸಿದ್ದಲ್ಲ, ಹಬೀಬಾ. ನಾನು ದಿನಾ ಆಡುವ ಮಾತುಗಳನ್ನಷ್ಟೇ ಬರೆದಿದ್ದೆ.

ಬಸವಣಪ್ಪ